ನೋಡಿದರೆ ಬರುವ ರೋಗ

ಆ ಮನೆಯಲ್ಲಿ ಬೆಳಗಿನ ಕಾಫಿಗೆ ಮೊದಲು ಒಂದು ಕೆಲಸ ಆಗಬೇಕಿತ್ತು. ಸಂಘದ ವೆಬ್‌ಸೈಟ್ ತೆರೆಯಬೇಕಿತ್ತು.

ಸಂಘ ಎಂದರೆ ನೀರು ಸರಬರಾಜು ಇಲಾಖೆಯ ನಿವೃತ್ತ ನೌಕರರ ಸಂಘ. ಅದರ ಕಾರ್ಯದರ್ಶಿ ಮನೆಯ ಯಜಮಾನರು. ಸಂಬಳವಿಲ್ಲದ, ಹೇಳಿಕೊಳ್ಳುವಂಥ ಕೆಲಸವೂ ಇಲ್ಲದ, ಬೇರೆಯವರೆಲ್ಲ ಬೇಡ ಬೇಡ ಎಂದು ಕೈ ಮುಗಿದ ಹುದ್ದೆ ಅದು. ಅವರು ಮಾತ್ರ ಹೊಸ ಬೂಟು ಹಾಕಿಕೊಂಡ ಮಗುವಿನಂತೆ ಅದನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದಿದ್ದರು. ಹಾಲಿನವನಿಂದ ಹಿಡಿದು ಎದುರುಮನೆಯವರ ತನಕ ಎಲ್ಲರೂ ಅವರನ್ನು 'ಸೆಕ್ರೆಟರಿ' ಎಂದೇ ಕರೆಯುತ್ತಿದ್ದರು. ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಆದರೆ ಆಕೆ ಕರೆದಾಗ ಆ ಪದದೊಳಗೆ, ಅನ್ನದಲ್ಲಿ ಹಲ್ಲಿಗೆ ಸಿಗುವಂಥ, ಒಂದು ಸಣ್ಣ ಕಲ್ಲಿರುತ್ತಿತ್ತು.

ಆಕೆಯನ್ನು ಬೀದಿಯವರು ಟೆಲಿಫೋನಮ್ಮ ಎನ್ನುತ್ತಿದ್ದರು. ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಊರವರ ಮಾತಿಗೆ ತಂತಿ ಜೋಡಿಸುತ್ತ ಆಯಸ್ಸು ಕಳೆದವಳು. ಗಂಡಸರು ಸುಳ್ಳು ಹೇಳುವಾಗ ದನಿ ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ಕೆಮ್ಮು ಬರುತ್ತದೆ ಎಂಬುದೆಲ್ಲ ಆಕೆಗೆ ಬಾಯಿಪಾಠ. ಅಷ್ಟು ವರ್ಷ ಅಷ್ಟು ಜನರ ಮಾತು ಕೇಳಿದ್ದರಿಂದ ಆಕೆಗೆ ಮನುಷ್ಯರ ಮೇಲೆ ದ್ವೇಷವೇನೂ ಹುಟ್ಟಿರಲಿಲ್ಲ. ಬರೀ ಅಸಡ್ಡೆ ಹುಟ್ಟಿತ್ತು.

ಸಂಘದ ವೆಬ್‌ಸೈಟ್ ಮಾಡಿಕೊಟ್ಟವನು ಸಂಘದ ಖಜಾಂಚಿಯ ತಂಗಿಯ ಮಗ. ಮಾಡಿಕೊಟ್ಟು, ದುಡ್ಡು ಎಣಿಸಿಕೊಂಡು ಹೋದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಅದರಲ್ಲಿ ಮೊದಲು ಕಾಣುವುದು ಕೋಟು ಹಾಕಿಕೊಂಡ ಸೆಕ್ರೆಟರಿಯ ಫೋಟೋ. ಅದರ ಕೆಳಗೆ ತಿಂಗಳಿಗೊಂದು 'ಕಾರ್ಯದರ್ಶಿಯ ನುಡಿ'. ಎಲ್ಲಕ್ಕಿಂತ ಅಡಿಯಲ್ಲಿ, ಇಷ್ಟು ಜನ ಬಂದು ನೋಡಿದರು ಎಂದು ತೋರಿಸುವ ಒಂದು ಅಂಕಿಯ ಪೆಟ್ಟಿಗೆ. ಸೆಕ್ರೆಟರಿಗೆ ಆ ಪೆಟ್ಟಿಗೆಯ ಮೇಲೇ ಪ್ರಾಣ. ಆ ಅಂಕಿ ಏರಲೆಂದು ಮನೆಯವರೆಲ್ಲ ದಿನಾ ಒಂದು ಸಲ ಸೈಟ್ ತೆರೆಯಬೇಕೆಂದು ಕಟ್ಟಪ್ಪಣೆ ಮಾಡಿದ್ದರು.

"ತೆಗೆದೆಯೇನಮ್ಮ?" ಎಂದು ಹಲ್ಲುಜ್ಜುತ್ತಲೇ ಸೊಸೆಯನ್ನು ಕೇಳುವರು.

"ತೆಗೆದೆ ಮಾವ."

"ಬರೀ ತೆಗೆದ್ರೆ ಸಾಲದು. ಕೆಳಗಿನ ತನಕ ಹೋಗ್ಬೇಕು."

"ಹೋದೆ ಮಾವ."

ಸೊಸೆ ಒಬ್ಬ ಎಂಜಿನಿಯರರಿಗೆ ಮನೆಗಳ ನಕ್ಷೆ ಬರೆದುಕೊಡುವ ಕೆಲಸದವಳು. ಊಟದ ಮೇಜಿನ ಒಂದು ತುದಿಯೇ ಅವಳ ಆಫೀಸು. ಬೆಳಗಿನ ತಟ್ಟೆಗಳು ಎದ್ದ ಮೇಲೆ ಮೇಜು ಒರೆಸಿ ಕಂಪ್ಯೂಟರ್ ಇಟ್ಟುಕೊಂಡರೆ, ಮಧ್ಯಾಹ್ನದ ತಟ್ಟೆಗಳು ಬರುವ ತನಕ ಬೇರೆಯವರ ಅಡುಗೆಮನೆ, ಬೇರೆಯವರ ಮಲಗುವ ಕೋಣೆ, ಬೇರೆಯವರ ಮೆಟ್ಟಿಲು ಬರೆಯುತ್ತ ಕೂರುವಳು. ಆ ಕಂಪ್ಯೂಟರ್ ಮೊದಲು ಸೆಕ್ರೆಟರಿಯದಾಗಿತ್ತು. ತಮಗೆ ದೊಡ್ಡ ಫೋನು ಬಂದ ಮೇಲೆ, ದಾನ ಕೊಟ್ಟವರ ಠೀವಿಯಲ್ಲಿ ಅದನ್ನು ಸೊಸೆಯ ಕಡೆ ತಳ್ಳಿದ್ದರು. ತಳ್ಳುವಾಗ ಒಂದು ಬುದ್ಧಿಮಾತನ್ನೂ ಸೇರಿಸಿದ್ದರು. "ಅಪ್‌ಡೇಟ್ ಅಪ್‌ಡೇಟ್ ಅಂತ ಕೇಳ್ತಿರುತ್ತೆ. ಅದನ್ನೆಲ್ಲ ನಾನು ಬಂದ್ ಮಾಡಿಟ್ಟಿದ್ದೀನಿ. ಮುಟ್ಟಬೇಡ. ಓಡೋ ಗಾಡೀನ ಯಾರಾದ್ರೂ ಬಿಚ್ಚಿ ನೋಡ್ತಾರಾ?"

ಮಗ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸಕ್ಕಿದ್ದ. ಒಳ್ಳೆಯವನು. ಟೆಲಿಫೋನಮ್ಮನ ಲೆಕ್ಕದಲ್ಲಿ ಒಳ್ಳೆಯವನೆಂದರೆ ಎರಡು ಕಡೆಯವರ ಮಾತಿಗೂ ತಲೆಯಾಡಿಸಿ, ಕೊನೆಗೆ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋಗುವವನು.

ಹೀಗಿರುವಾಗ ಒಂದು ವಾರ ಆ ಪೆಟ್ಟಿಗೆಯ ಅಂಕಿಗೆ ಹುಚ್ಚು ಹಿಡಿಯಿತು. ದಿನಕ್ಕೆ ಹತ್ತೋ ಹದಿನೈದೋ ಏರುತ್ತಿದ್ದದ್ದು ಸಾವಿರಗಟ್ಟಲೆ ಏರತೊಡಗಿತು. ಸೆಕ್ರೆಟರಿ ಫೋನು ಹಿಡಿದು ಅಡುಗೆಮನೆಗೆ ಓಡಿ ಬಂದರು.

"ನೋಡೇ, ನೋಡು! ಒಂದೇ ದಿನಕ್ಕೆ ಇಷ್ಟು! ಈ ಸಲದ ನುಡಿ ಜನಕ್ಕೆ ನಾಟಿದೆ."

"ಯಾವುದು? ನಲ್ಲಿ ತೊಟ್ಟಿಕ್ಕೋದರ ಬಗ್ಗೆ ಬರೆದದ್ದಾ?"

"ಜಲ ಸಂರಕ್ಷಣೆ ಅನ್ನು."

"ಸಂಘದಲ್ಲಿ ಇರೋದೇ ಇನ್ನೂರು ಚಿಲ್ಲರೆ ಜನ. ಅರ್ಧ ಜನಕ್ಕೆ ಕಣ್ಣಿಗೆ ಪೊರೆ ಬಂದಿದೆ. ಈ ಸಾವಿರಾರು ಜನ ಯಾರ ಮನೆಯವರು?"

"ಹೊರದೇಶದವರೂ ಇದ್ದಾರಂತೆ. ಅದೂ ತೋರಿಸುತ್ತೆ."

"ನಮ್ಮ ನಲ್ಲಿ ವಿಚಾರ ಅವರಿಗ್ಯಾಕಂತೆ?"

ಸೆಕ್ರೆಟರಿ ಹೊರಗೆ ಹೋದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಹಾಡಹಗಲೇ ಬೀದಿ ತುಂಬ ಹಿಡಿದುಕೊಂಡು ಬಂದರು. ಮುಂದಿನ ತಿಂಗಳು ಮುಗಿದರೆ ಸಂಘದ ಚುನಾವಣೆ. ಅಧ್ಯಕ್ಷಗಿರಿಗೇ ನಿಲ್ಲಬಹುದೇನೋ ಎಂದು ರಾತ್ರಿ ಊಟದ ಹೊತ್ತಿಗೆ ಎರಡು ಸಲ ಅಂದರು. ಮೂರನೆಯ ಸಲ ಅನ್ನುವಷ್ಟರಲ್ಲಿ ಟೆಲಿಫೋನಮ್ಮ ಮೊಸರಿನ ಪಾತ್ರೆ ಮುಂದಕ್ಕೆ ತಳ್ಳಿದಳು.

ಅದಾಗಿ ನಾಲ್ಕೈದು ದಿನಕ್ಕೆ, ಬೆಳಗಿನ ತಟ್ಟೆಗಳು ಎದ್ದ ಮೇಲೆ, ಸೊಸೆ ಕಂಪ್ಯೂಟರಿನ ಮುಂದೆ ಕೂತವಳು "ಅತ್ತೆ" ಎಂದಳು. ಕೂಗಲಿಲ್ಲ. ಮೆಲ್ಲಗೇ ಅಂದಳು. ಆ ದನಿಗೆ ಟೆಲಿಫೋನಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಬಂದಳು.

ನಕ್ಷೆಗಳೆಲ್ಲ ಇದ್ದವು, ಆದರೆ ಪ್ರತಿಯೊಂದರ ಹೆಸರಿನ ಹಿಂದೆ ಅರ್ಥವಿಲ್ಲದ ಅಕ್ಷರಗಳ ಒಂದು ಬಾಲ ಅಂಟಿಕೊಂಡಿತ್ತು. ಯಾವುದನ್ನು ಒತ್ತಿದರೂ ತೆರೆಯುತ್ತಿರಲಿಲ್ಲ. ತೆರೆಯುತ್ತಿದ್ದುದು ಒಂದೇ ಒಂದು ಹಾಳೆ: ನಿಮ್ಮ ಕೆಲಸವೆಲ್ಲ ನಮ್ಮ ಬೀಗದೊಳಗಿದೆ, ಬಿಡಿಸಿಕೊಳ್ಳಬೇಕಾದರೆ ಹಣ ಕಳಿಸಿ. ಜೋಪಾನಕ್ಕೆಂದು ನಕಲು ಮಾಡಿಟ್ಟುಕೊಂಡಿದ್ದ ಪೆನ್‌ಡ್ರೈವ್ ಕೂಡ ಕಂಪ್ಯೂಟರಿಗೇ ಚುಚ್ಚಿಕೊಂಡಿತ್ತು. ಅದರೊಳಗಿನವಕ್ಕೂ ಬಾಲ ಬಂದಿತ್ತು.

"ಎಲ್ಲಾನಾ?" ಎಂದಳು ಟೆಲಿಫೋನಮ್ಮ.

"ಎಲ್ಲಾ. ಶುಕ್ರವಾರ ಕೊಡಬೇಕಾಗಿದ್ದದ್ದೂ."

ಮಧ್ಯಾಹ್ನದ ಊಟಕ್ಕೆ ಮಗನೂ ಬಂದಿದ್ದ. ಸುದ್ದಿ ಕೇಳಿ ಸೆಕ್ರೆಟರಿ ತುತ್ತು ಕೈಯಲ್ಲೇ ಹಿಡಿದು ತೀರ್ಪು ಕೊಟ್ಟರು.

"ಇದೆಲ್ಲ ಮರ್ಯಾದಸ್ಥರಿಗೆ ಬರೋ ರೋಗ ಅಲ್ಲ. ಹೋಗಬಾರದ ಕಡೆ ಹೋದ್ರೆ ಮಾತ್ರ ಬರುತ್ತೆ. ಯಾವ ಸೈಟಿಗೆ ಹೋಗಿದ್ದೆ?"

ಸೊಸೆ ತಲೆ ಎತ್ತಿದಳು. "ಎಂಜಿನಿಯರ್ ಸಾಹೇಬ್ರ ಮೇಲ್ ನೋಡಿದೆ. ನೆಲದ ಟೈಲ್ಸ್ ಅಳತೆಗೆ ಒಂದು ಕಂಪನಿ ಸೈಟ್ ನೋಡಿದೆ. ಆಮೇಲೆ ನಿಮ್ಮ ಸಂಘದ್ದು."

"ಸಂಘದ ಹೆಸರು ಎತ್ತಬೇಡ!"

"ಕೇಳಿದ್ರಿ, ಹೇಳಿದೆ ಮಾವ. ನಾನು ಏನೂ ಡೌನ್‌ಲೋಡ್ ಮಾಡ್ಕೊಂಡಿಲ್ಲ. ಏನನ್ನೂ ಒತ್ತಿಲ್ಲ. ಬರೀ ನೋಡಿದ್ದು."

"ಬರೀ ನೋಡಿದ್ರೆ ಬರೋಕೆ ಇದೇನು ಕಣ್ಣುಬೇನೆಯಾ? ನಾನು ಸಂಘದ ಸೈಟನ್ನ ದಿನಕ್ಕೆ ಇಪ್ಪತ್ತು ಸಲ ನೋಡ್ತೀನಿ. ನನ್ನ ಫೋನಿಗೆ ಏನಾಗಿದೆ? ಗುಂಡುಕಲ್ಲಿನ ಹಾಗಿದೆ!"

ಮಗ ಅನ್ನ ಕಲಸುತ್ತಲೇ, "ನಿನಗೆ ಗೊತ್ತಿಲ್ಲದೆ ಏನಾದ್ರೂ ಬೇರೆ ತೆರೆದಿರಬಹುದು ಕಣೇ. ಸಿನಿಮಾ ಗಿನಿಮಾ…" ಎಂದ.

ಸೊಸೆ ಅವನ ಮುಖವನ್ನೇ ನೋಡಿದಳು. ಅವನು ಉಪ್ಪು ಕೇಳಿದ. ಉಪ್ಪು ಅವನ ಮುಂದೆಯೇ ಇತ್ತು.

ಟೆಲಿಫೋನಮ್ಮ ಇದನ್ನೆಲ್ಲ ನೋಡಿದಳು. ಒಬ್ಬರ ಠೀವಿ, ಇನ್ನೊಬ್ಬನ ಉಪ್ಪು. ಎಂಥ ಗಂಡಸರನ್ನು ಸಾಕಿದೆನಪ್ಪ ಎಂದುಕೊಂಡಳು. ಅಂದುಕೊಂಡು ಇಬ್ಬರಿಗೂ ಇನ್ನೊಂದು ಸೌಟು ಬೇಳೆ ಬಡಿಸಿದಳು.

ಮರುದಿನ ರಿಪೇರಿಯವನು ಬಂದ. ಎಲ್ಲರ ಮೇಲೂ ಬೇಸರ ಬಂದವನಂತೆ ಮುಖ ಮಾಡಿಕೊಂಡಿರುವ ದಡೂತಿ ಮನುಷ್ಯ. ಕಂಪ್ಯೂಟರ್ ಅತ್ತ ಇತ್ತ ತಿರುವಿ ನೋಡಿ, "ಇದರಲ್ಲಿರೋದು ಹೋಯ್ತು. ದುಡ್ಡು ಕೊಟ್ರೂ ವಾಪಸ್ ಬರುತ್ತೆ ಅನ್ನೋ ನಂಬಿಕೆ ಇಲ್ಲ. ಪೂರ್ತಿ ಒರೆಸಿ ಹೊಸದಾಗಿ ಹಾಕ್ಬೇಕು," ಎಂದ.

"ಕೆಟ್ಟ ಸೈಟಿಂದ ಬಂದದ್ದು ತಾನೇ?" ಎಂದರು ಸೆಕ್ರೆಟರಿ.

"ಕೆಟ್ಟದ್ದು ಒಳ್ಳೇದು ಅಂತ ಬೋರ್ಡು ಹಾಕ್ಕೊಂಡಿರುತ್ತಾ ಸಾರ್? ಒಳ್ಳೇ ಸೈಟನ್ನೇ ಕಳ್ಳರು ಒಡೆದು, ಒಳಗೆ ವಿಷ ಇಟ್ಟು ಹೋಗ್ತಾರೆ. ಇಟ್ಟವರು ಯಾರೋ, ತೆರೆದವರು ಯಾರೋ."

"ನೋಡಿದ ಮಾತ್ರಕ್ಕೆ ಬರುತ್ತೇನಪ್ಪ?" ಎಂದು ಕೇಳಿದವಳು ಟೆಲಿಫೋನಮ್ಮ.

"ಎಲ್ಲಾ ಸಲ ಬರಲ್ಲ ಅಮ್ಮ. ಸುಮಾರು ಸಲ ಅದನ್ನ ಒತ್ತಿ ಇದನ್ನ ಒತ್ತಿ ಅಂತ ಮೋಸ ಮಾಡಿ ಒಳಗೆ ಬರುತ್ತೆ. ಮಷೀನು ಹೊಸದಾಗಿ ಇಟ್ಕೊಂಡಿದ್ರೆ ಬರೀ ನೋಡಿದ್ರೆ ಬರೋದು ತೀರಾ ಅಪರೂಪ. ಇದರ ಬ್ರೌಸರ್ ನೋಡಿ, ಎಷ್ಟು ವರ್ಷದ ಹಿಂದಿನದ್ದು. ಅಪ್‌ಡೇಟೆಲ್ಲ ಬಂದ್. ಇಂಥದ್ದಕ್ಕೆ ನೋಡಿದ್ರೂ ಸಾಕು. ಬಾಗಿಲಿಗೆ ಚಿಲಕಾನೇ ಇಲ್ಲದ ಮನೆ ಇದು. ಯಾರು ಬಂದ್ ಮಾಡಿದ್ದು?"

ಸೆಕ್ರೆಟರಿ ಕನ್ನಡಕ ತೆಗೆದು ಒರೆಸಿಕೊಂಡರು.

"ನನ್ನ ಫೋನಿಗೆ ಯಾಕೆ ಬರಲಿಲ್ಲ ಹಾಗಾದ್ರೆ?"

"ನಾಯಿಗೆ ಬರೋ ರೋಗ ಬೆಕ್ಕಿಗೆ ಬರುತ್ತಾ ಸಾರ್? ಅದರ ಜಾತಿ ಬೇರೆ."

ಹಿಂದಿನ ದಿನ ಸೊಸೆ ನೋಡಿದ ಪುಟಗಳನ್ನೂ ಅವನು ತೆಗೆದು ತೋರಿಸಿದ. ಸೊಸೆ ಹೇಳಿದ ಮೂರೇ ಇದ್ದವು. ಮೂರರಲ್ಲಿ ಯಾವುದೆಂದು ಮಾತ್ರ ಹೇಳಲಾರೆ ಎಂದ. ಅವನು ಹೋದದ್ದೇ ತಡ, ಸೆಕ್ರೆಟರಿಯ ದನಿ ದಪ್ಪವಾಯಿತು. "ಬೇರೆಯವನ್ನ ಅಳಿಸಿರ್ತಾಳೆ. ಕಳ್ಳ ಹೆಜ್ಜೆ ಗುರುತು ಬಿಟ್ಟು ಹೋಗ್ತಾನಾ?"

ಎರಡು ವಾರ ಆ ಮನೆಯಲ್ಲಿ ಊಟ ನಡೆದದ್ದು ಹೀಗೆ. ಸೊಸೆ ಎಂಜಿನಿಯರರ ಹತ್ತಿರ ಹೋಗಿ, ಅವರ ಬಳಿ ಉಳಿದಿದ್ದ ಹಳೆಯ ಪ್ರಿಂಟುಗಳನ್ನು ಸುರುಳಿ ಸುತ್ತಿ ತಂದಳು. ಅವನ್ನು ಮೇಜಿನ ಮೇಲೆ ಹರಡಿಕೊಂಡು, ಬರೆದದ್ದನ್ನೇ ಮತ್ತೆ ಮೊದಲಿನಿಂದ ಬರೆಯಲು ಕೂತಳು. ಎಂಜಿನಿಯರು ಬೈಯಲಿಲ್ಲ. ಆದರೆ ಹೊಸ ಕೆಲಸವನ್ನು ಬೇರೆ ಹುಡುಗಿಗೆ ಕೊಟ್ಟರು. ಪ್ರಿಂಟೇ ಇಲ್ಲದ ನಕ್ಷೆಗಳು ಹೋದದ್ದು ಹೋದವೇ. ಮಧ್ಯಾಹ್ನ ತಟ್ಟೆಗಳು ಬಂದರೂ ಮೇಜು ಖಾಲಿಯಾಗುತ್ತಿರಲಿಲ್ಲ. ಗಂಡಸರು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣಬೇಕಾಯಿತು.

"ಮಾಡಿದ್ದುಣ್ಣೋ ಮಹರಾಯ ಅಂತ," ಎನ್ನುವರು ಸೆಕ್ರೆಟರಿ, ಯಾರನ್ನೂ ನೋಡದೆ. "ನಾವು ಉಣ್ಣಬೇಕಾಗಿ ಬಂತು."

ಇನ್ನೊಂದು ದಿನ: "ಈ ಕಾಲದವರಿಗೆ ಒಂದು ಕೈಲಿ ಕೆಲಸ, ಇನ್ನೊಂದು ಕೈಲಿ ಆಟ."

ಮತ್ತೊಂದು ದಿನ ಎದುರುಮನೆಯವರು ಬಂದಾಗ, "ನಮ್ಮ ಸೊಸೆ ಏನೋ ನೋಡಬಾರದ್ದು ನೋಡೋಕೆ ಹೋಗಿ…" ಎಂದು ಅರ್ಧಕ್ಕೆ ನಿಲ್ಲಿಸಿದರು. ಅರ್ಧಕ್ಕೆ ನಿಲ್ಲಿಸುವುದರಲ್ಲಿ ಎಷ್ಟು ಅಸಹ್ಯ ತುಂಬಬಹುದೆಂದು ಅವರಿಗೆ ಗೊತ್ತಿತ್ತು. ಎದುರುಮನೆಯಾಕೆ ಸೊಸೆಯನ್ನು ತಲೆಯಿಂದ ಕಾಲಿನ ತನಕ ಹೊಸದಾಗಿ ನೋಡಿ ಹೋದಳು.

ಆ ವಾರವೇ ಖಜಾಂಚಿಯ ಫೋನು ಬಂದದ್ದು. ಸೆಕ್ರೆಟರಿ ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡರು. ಟೆಲಿಫೋನಮ್ಮ ಕಿಟಕಿಯ ಈಚೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಒಂದು ಕಡೆಯ ಮಾತು ಕಿವಿಗೆ ಬಿದ್ದರೆ ಇನ್ನೊಂದು ಕಡೆಯದು ಆಕೆಗೆ ತಾನಾಗಿಯೇ ಕೇಳಿಸುತ್ತಿತ್ತು.

"ಯಾರದ್ದು? … ಅವರದ್ದೂನಾ? … ಸೈಟ್ ತೆಗೆದ ಮೇಲೇನೇ ಅಂತ ಹೇಗೆ ಹೇಳ್ತೀರಿ? … ಮೂರು ಜನದ್ದೂ ಹಾಗೇನಾ? … ನಿಮ್ಮ ಹುಡುಗ ಏನಂದ? … ಪಾಸ್‌ವರ್ಡಾ? ಸಂಘದ ಹೆಸರೇ ಇಟ್ಟಿದ್ದೆ, ಮರೆಯಬಾರದಲ್ಲ ಅಂತ. … ಹೊರಗಿನವರು ನುಗ್ಗಿದ್ದಾರೆ ಅಂತೀರಾ? … ಅಯ್ಯೋ, ಮುಚ್ಚೋದು ಗಿಚ್ಚೋದು ಬೇಡ ಮಾರಾಯ್ರೇ. ಚುನಾವಣೆ ತಲೆ ಮೇಲಿದೆ. ಅದು ಆಗಲಿ. … ಯಾರಿಗೂ ಹೇಳಬೇಡಿ. … ನಮ್ಮನೇಲಾ? ಇಲ್ಲಪ್ಪ, ನಮ್ಮನೇಲಿ ಆಗಿದ್ದು ಬೇರೆ. ಅದು ನಮ್ಮ ಸೊಸೆ ತಂದುಕೊಂಡದ್ದು."

ಟೆಲಿಫೋನಮ್ಮನ ಕೈ ಒಂದು ಅಂಗಿಯ ತೋಳಿನ ಮೇಲೆ ನಿಂತಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತೆನ್ನುತ್ತಾರೆ. ಕೋತಿಗಾದರೂ ಹಸಿವಿತ್ತು. ಈ ಮನುಷ್ಯನಿಗೆ ಏನಿತ್ತು? ಒಂದು ಫೋಟೋ, ಒಂದು ಕೋಟು. ನಿವೃತ್ತರಾದ ಮೇಲೆ ಅವರನ್ನು ಹುಡುಕಿಕೊಂಡು ಬರುತ್ತಿದ್ದುದು ಆ ಸೈಟಿನ ಅಂಕಿಯೊಂದೇ ಎಂಬುದು ಆಕೆಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದರೂ ಅಯ್ಯೋ ಪಾಪ ಎನ್ನಿಸಲಿಲ್ಲ. ಅಂಗಿ ಮಡಿಸಿಟ್ಟಳು. ಅವರು ಒಳಗೆ ಬಂದು "ಕಾಫಿ" ಎಂದಾಗ ಕಾಫಿ ಮಾಡಿ ಕೊಟ್ಟಳು. ಒಳಗೊಳಗೇ ನಕ್ಕಳು. ಆ ನಗು ಆಕೆಗೆ ಹಳೆಯ ಕಂಬಳಿ ಇದ್ದಹಾಗೆ. ಹೊದ್ದುಕೊಂಡರೆ ಹೊರಗೆ ಏನಾದರೂ ಆಗಲಿ ಎನ್ನುವಷ್ಟು ಬೆಚ್ಚಗೆ.

ಒಂದು ವಾರ ಕಳೆಯಿತು. ಒಂದು ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೇ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದರು. ಸೊಸೆಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಟೆಲಿಫೋನಮ್ಮನಿಗೆ ಏನಾದರೂ ಕೊಡಬೇಕೆನ್ನಿಸಿತು.

"ನಿನ್ನ ತಪ್ಪಿಲ್ಲ ಅಂತ ನನಗೆ ಗೊತ್ತು ಕಣೇ," ಎಂದಳು. "ಸಂಘದ ಸೈಟೇ ಕೆಟ್ಟಿರೋದು. ಇನ್ನೂ ಮೂರು ಜನದ ಕಂಪ್ಯೂಟರ್ ಹೀಗೇ ಆಗಿದೆಯಂತೆ. ಖಜಾಂಚಿ ಫೋನ್ ಮಾಡಿದ್ರು. ಇವರು ಬಾಲ್ಕನೀಲಿ ಬೆಕ್ಕಿನ ಮರಿ ಹಾಗೆ ಮಾತಾಡ್ತಿದ್ರು, ನೋಡಬೇಕಿತ್ತು ನೀನು. ಪಾಸ್‌ವರ್ಡು ಸಂಘದ ಹೆಸರೇ ಅಂತೆ! ಮರೆಯಬಾರದಂತೆ!"

ಸೊಸೆ ನಗಲಿಲ್ಲ. ಬಟಾಣಿ ಸಿಪ್ಪೆ ಕೆಳಗಿಟ್ಟಳು.

"ಯಾವಾಗ ಬಂತು ಆ ಫೋನು?"

"ಹೋದ ವಾರ."

"ಹೋದ ವಾರದಿಂದ ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

"ಮೊನ್ನೆ ಅವರು ನನ್ನ ಮುಂದೇನೇ ನಿಮ್ಮ ಮಗನಿಗೆ, ಇವಳ ಫೋನನ್ನೂ ಸ್ವಲ್ಪ ನೋಡೋ ಅಂದ್ರಲ್ಲ, ಆಗಲೂ ಗೊತ್ತಿತ್ತು."

ಟೆಲಿಫೋನಮ್ಮ ಇನ್ನೊಂದು ಬಟಾಣಿ ಕಾಯಿ ಎತ್ತಿಕೊಂಡಳು.

"ಅವರು ಸುಳ್ಳು ಹೇಳ್ತಾರೆ. ಇವರು ಸುಮ್ಮನಿರ್ತಾರೆ. ನೀವು ಒಳಗೊಳಗೇ ನಗ್ತೀರಿ," ಎಂದಳು ಸೊಸೆ. ದನಿ ಏರಿಸಲಿಲ್ಲ. "ನೀವೊಬ್ಬರು ಬೇರೆ ಅಂದ್ಕೊಂಡಿದ್ದೆ ಅತ್ತೆ. ಅವರನ್ನ ಕಂಡ್ರೆ ನನಗೆ ಹೇಸಿಗೆ. ಈಗ ನಿಮ್ಮನ್ನ ಕಂಡ್ರೂ ಅಷ್ಟೇ." ಬಿಡಿಸಿದ ಬಟಾಣಿಯ ಬಟ್ಟಲು ಎತ್ತಿ ಅತ್ತೆಯ ಮುಂದಿಟ್ಟು, ಕೈ ತೊಳೆದುಕೊಂಡು ನಕ್ಷೆಯ ಮುಂದೆ ಹೋಗಿ ಕೂತಳು.

ಉಳಿದ ಬಟಾಣಿಯನ್ನೆಲ್ಲ ಟೆಲಿಫೋನಮ್ಮ ಒಬ್ಬಳೇ ಬಿಡಿಸಿದಳು. ಕೆನ್ನೆ ಉರಿಯುತ್ತಿತ್ತು. ಊರಿನ ಅಷ್ಟೂ ಜನರನ್ನು ಕೀಳಾಗಿ ನೋಡಿದವಳನ್ನು ಅವತ್ತಿನ ತನಕ ಯಾರೂ ಹಾಗೆ ನೋಡಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಪಲ್ಯಕ್ಕೆ ಎರಡು ಸಲ ಉಪ್ಪು ಬಿತ್ತು.

ಅದಾದ ಎರಡನೆಯ ದಿನ, ಸಂಜೆ, ಸೆಕ್ರೆಟರಿ ಊಟಕ್ಕೆ ಮೊದಲೇ ಗಂಟಲು ಸರಿ ಮಾಡಿಕೊಂಡರು. ಕೈಯಲ್ಲಿ ಫೋನಿತ್ತು.

"ಈ ತಿಂಗಳ ನುಡಿ ಹಾಕಿದ್ದೀನಿ. ಚುನಾವಣೆಗೆ ಮುಂಚಿನದ್ದು, ಸ್ವಲ್ಪ ತೂಕ ಇರಲಿ ಅಂತ. ಕೇಳಿ."

ಓದಿದರು. ಅಂತರ್ಜಾಲದ ಅಪಾಯಗಳ ಬಗ್ಗೆ ಹಿರಿಯರ ಎಚ್ಚರಿಕೆ ಎಂದು ತಲೆಬರಹ. ಯುವಜನತೆ ದಾರಿ ತಪ್ಪಿದೆ ಎಂದು ಶುರು. ನಡುವೆ ಹೀಗಿತ್ತು: 'ನನ್ನ ಮನೆಯಲ್ಲೇ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮನೆಯ ಕಿರಿಯ ಸದಸ್ಯೆಯೊಬ್ಬರು ನೋಡಬಾರದ ತಾಣಗಳನ್ನು ನೋಡಿ ಕಂಪ್ಯೂಟರಿಗೆ ರೋಗ ತಂದರು. ಸತ್ಯ ನುಡಿಯಲು ಕಾರ್ಯದರ್ಶಿಯಾದವನು ಅಂಜಬಾರದು.' ಕೊನೆಗೆ, ಎಲ್ಲ ಸದಸ್ಯರೂ ಸುರಕ್ಷಿತವಾಗಿರಲು ದಿನವೂ ಸಂಘದ ವೆಬ್‌ಸೈಟಿಗೆ ಭೇಟಿ ಕೊಡಬೇಕೆಂದು ಕರೆ.

ಓದಿ ಮುಗಿಸಿ ಎಲ್ಲರ ಮುಖ ನೋಡಿದರು. ಚಪ್ಪಾಳೆಗೆ ಕಾದವರ ಹಾಗೆ.

ಸೊಸೆ ಎದ್ದು ಕೋಣೆಗೆ ಹೋದಳು. ಬಾಗಿಲನ್ನು ದಡಾರೆಂದು ಹಾಕಲಿಲ್ಲ. ಮೆಲ್ಲಗೆ ಹಾಕಿದಳು. ಮಗ "ಅಪ್ಪ, ಹೆಸರು ಹಾಕಿಲ್ಲವಲ್ಲ, ಪರವಾಗಿಲ್ಲ…" ಎಂದ.

"ನಮ್ಮನೇಲಿ ಕಿರಿಯ ಸದಸ್ಯೆ ಎಷ್ಟು ಜನ ಇದ್ದಾರೋ?" ಎಂದಳು ಟೆಲಿಫೋನಮ್ಮ.

ಮಗ ತಟ್ಟೆ ನೋಡಿದ.

ಬೆಳಿಗ್ಗೆ ಸೆಕ್ರೆಟರಿ ವಾಕಿಂಗ್ ಹೋದದ್ದನ್ನು ನೋಡಿಕೊಂಡು ಟೆಲಿಫೋನಮ್ಮ ಹಾಲ್‌ನಲ್ಲಿದ್ದ ಹಳೆಯ ಫೋನಿನ ಪಕ್ಕ ಕುರ್ಚಿ ಎಳೆದು ಕೂತಳು. ಸಂಘದವರು ಅಚ್ಚು ಹಾಕಿಸಿದ್ದ ಸದಸ್ಯರ ನಂಬರುಗಳ ಪುಸ್ತಿಕೆ ತೊಡೆಯ ಮೇಲಿತ್ತು. ಮೊದಲ ನಂಬರು ತಿರುಗಿಸಿದಳು. ಬಹಳ ವರ್ಷಗಳಿಂದ ಹೊರಗೆ ಬಾರದಿದ್ದ ದನಿಯೊಂದು ಆಕೆಯ ಗಂಟಲಿನಿಂದ ಬಂತು. ಇಸ್ತ್ರಿ ಹಾಕಿದ, ನಿರ್ವಿಕಾರವಾದ, ಯಾರೂ ನಡುವೆ ಬಾಯಿ ಹಾಕಲಾಗದ ದನಿ.

"ನಮಸ್ಕಾರ. ಸೆಕ್ರೆಟರಿಯವರ ಮನೆಯಿಂದ ಮಾತಾಡ್ತಿದ್ದೀನಿ. ಅವರ ಹೆಂಡತಿ. ಸಂಘದ ವೆಬ್‌ಸೈಟನ್ನ ಯಾರೂ ತೆರೀಬೇಡಿ. ಅದರೊಳಗೆ ಕಳ್ಳರು ವಿಷ ಇಟ್ಟಿದ್ದಾರೆ. ಹಳೇ ಕಂಪ್ಯೂಟರಾದ್ರೆ ನೋಡಿದ್ರೂ ಸಾಕು, ಒಳಗಿರೋದೆಲ್ಲ ಹೋಗುತ್ತೆ. ಈಗಾಗಲೇ ನಾಲ್ಕು ಮನೇಲಿ ಹೋಗಿದೆ. ಮೊದಲನೇದು ನಮ್ಮ ಮನೆ. ನಮ್ಮ ಸೊಸೆ ಯಾವ ಕೆಟ್ಟದ್ದನ್ನೂ ನೋಡಿಲ್ಲ. ಅವಳು ನೋಡಿದ ಕೆಟ್ಟದ್ದು ನಿಮ್ಮ ಸಂಘದ್ದೊಂದೇ. ಸೆಕ್ರೆಟರಿಯವರಿಗೆ ಇದು ಹತ್ತು ಹನ್ನೆರಡು ದಿನದಿಂದ ಗೊತ್ತು. ನನಗೂ ಗೊತ್ತಿತ್ತು. ಇಡಲಾ?"

ಇಟ್ಟು, ಮುಂದಿನದು ತಿರುಗಿಸಿದಳು.

ಒಬ್ಬರಿಗೆ ಕಿವಿ ಕೇಳದು. ಮೂರು ಸಲ ಹೇಳಿದಳು. ಒಬ್ಬರು "ಅಯ್ಯೋ, ನಿನ್ನೆ ರಾತ್ರಿ ತಾನೆ ಆ ಲೇಖನ ಓದಿದೆನಲ್ಲಮ್ಮ, ನಿಮ್ಮ ಮನೇದು!" ಎಂದರು. "ಹಾಗಾದ್ರೆ ಮೊದಲು ಕಂಪ್ಯೂಟರ್ ಆರಿಸಿ, ಆಮೇಲೆ ರಿಪೇರಿಯವನನ್ನ ಕರೀರಿ," ಎಂದಳು. ಇನ್ನೊಬ್ಬರು ಗಂಡನ ಬಗ್ಗೆ ಹೀಗೆಲ್ಲ ಹೇಳಬಹುದೇ ಎಂದು ನೀತಿ ಹೇಳಲು ಹೊರಟರು. "ನಿಮ್ಮ ಮಾತು ಮುಗೀತಾ?" ಎಂದು ಕೇಳಿ, ಮುಗಿಯುವುದಕ್ಕೆ ಮೊದಲೇ ಇಟ್ಟಳು.

ಪುಸ್ತಿಕೆಯ ಮೂರನೆಯ ಪುಟಕ್ಕೆ ಬಂದಾಗ ಸೆಕ್ರೆಟರಿ ಬೆವರೊರೆಸಿಕೊಳ್ಳುತ್ತ ಒಳಗೆ ಬಂದರು. ಎರಡು ವಾಕ್ಯ ಕೇಳಿಸಿಕೊಂಡರು. ದಾಪುಗಾಲು ಹಾಕಿ ಬಂದು ಫೋನಿನ ಗುಂಡಿಯ ಮೇಲೆ ಬೆರಳಿಟ್ಟರು. ಲೈನು ಕಟ್ಟಾಯಿತು.

"ಏನೇ ಮಾಡ್ತಿದ್ದೀಯ? ತಲೆ ಕೆಟ್ಟಿದೆಯಾ?"

"ಬೆರಳು ತೆಗೀರಿ."

"ಮಾನ ಹೋಗುತ್ತೆ! ಹದಿನೈದು ದಿನ ತಡೀ, ಚುನಾವಣೆ ಆಗ್ಲಿ, ನಾನೇ ಹೇಳ್ತೀನಿ…"

"ಅಷ್ಟರಲ್ಲಿ ಇನ್ನೆಷ್ಟು ಮನೇಲಿ ಹೋಗ್ಬೇಕು? ಬೆರಳು ತೆಗೀರಿ."

"ನಾನು ಯಾರಿಗೋಸ್ಕರ ಮಾಡಿದ್ದು ಇದೆಲ್ಲ? ಹೋದಲ್ಲಿ ಬಂದಲ್ಲಿ ಸೆಕ್ರೆಟರಿ ಹೆಂಡತಿ ಅಂತ ನಿನ್ನನ್ನೂ…"

"ರೀ," ಎಂದಳು ಟೆಲಿಫೋನಮ್ಮ. "ನಿಮ್ಮಷ್ಟು ಸಣ್ಣ ಮನುಷ್ಯನ್ನ ನಾನು ಆ ಎಕ್ಸ್‌ಚೇಂಜಲ್ಲೂ ಕೇಳಿಲ್ಲ. ಇಷ್ಟು ದಿನ ಮನಸ್ಸಲ್ಲೇ ಅಂದ್ಕೋತಿದ್ದೆ. ಅದು ನನ್ನ ತಪ್ಪು. ಬೆರಳು."

ಬೆರಳು ತೆಗೆದರು. ತೆಗೆದ ಬೆರಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಸ್ವಲ್ಪ ಹೊತ್ತು ನಿಂತಿದ್ದು, ಸೋಫಾದ ಅಂಚಿಗೆ ಕೂತರು. ಶೂ ಬಿಚ್ಚಲೂ ಇಲ್ಲ. ಪ್ರತಿ ಸಲ ಆಕೆ "ಅವರ ಹೆಂಡತಿ" ಎಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಮಗ ಕೋಣೆಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ. "ಅಮ್ಮ, ಮನೆ ಮಾತನ್ನ ಮನೇಲೇ ಮುಗಿಸಬಹುದಿತ್ತು."

"ನಿನ್ನ ಹೆಂಡತಿ ಮಾತು ಊರಿಗೆಲ್ಲ ಹೋದಾಗ ನೀನು ಯಾವ ಮನೇಲಿದ್ದೆ?"

ಅವನ ಹಿಂದೆ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಟೆಲಿಫೋನಮ್ಮ ಆ ಕಡೆ ನೋಡಲಿಲ್ಲ. ನೋಡಿದರೆ ಮೆಚ್ಚುಗೆಗೆ ಕಾದಹಾಗಾಗುತ್ತಿತ್ತು. ಮುಂದಿನ ನಂಬರು ತಿರುಗಿಸಿದಳು.

ಮಧ್ಯಾಹ್ನದ ಹೊತ್ತಿಗೆ ಖಜಾಂಚಿ ಹೆದರಿ, ತಂಗಿಯ ಮಗನನ್ನು ಹಿಡಿದು ತಂದು ಸೈಟ್ ಮುಚ್ಚಿಸಿದರು. ಚುನಾವಣೆಯ ದಿನ ಸಭೆಯಲ್ಲಿ ಬಹಳ ಕೂಗಾಟವಾಯಿತಂತೆ. ಕೂಗಾಡಿದವರನ್ನು, ಹಾಗಾದರೆ ನೀವೇ ಕಾರ್ಯದರ್ಶಿಯಾಗಿ ಎಂದು ಕೇಳಿದಾಗ ಒಬ್ಬರಿಗೆ ಮಂಡಿನೋವು ಬಂತು, ಒಬ್ಬರಿಗೆ ಮಗಳ ಮನೆಗೆ ಹೋಗುವುದಿತ್ತು. ಕೊನೆಗೆ ಹಳೆಯ ಸೆಕ್ರೆಟರಿಯೇ ಅವಿರೋಧವಾಗಿ ಆಯ್ಕೆಯಾದರು. ಅವರು ತಲೆಯೆತ್ತಿಕೊಂಡೇ ಮನೆಗೆ ಬಂದರು. ಟೆಲಿಫೋನಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಂಥ ಸಂಘಕ್ಕೆ ಇಂಥವರೇ ಸರಿ ಎಂದುಕೊಂಡಳು. ಈ ಸಲ ಅದನ್ನು ಬಾಯಿ ಬಿಟ್ಟೇ ಹೇಳಿದಳು.

ಸೊಸೆಗೆ ಎಂಜಿನಿಯರು ತಮ್ಮ ಆಫೀಸಿನಲ್ಲೇ ಒಂದು ಮೇಜು ಕೊಟ್ಟರು. ಸಂಘದ ಸದಸ್ಯರೊಬ್ಬರು ಅವರಿಗೆ ನಂಟರಂತೆ. ಸುದ್ದಿ ಆ ದಾರಿಯಲ್ಲಿ ಹೋಗಿತ್ತು. ತಿಂಗಳು ತುಂಬುವುದರೊಳಗೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನೋಡಿದವಳೂ ಅವಳೇ. "ನಾನು ಹೋಗ್ತೀನಿ. ನೀವು ಬರೋದಾದ್ರೆ ಬನ್ನಿ," ಎಂದಳಂತೆ ಗಂಡನಿಗೆ. ಅವನು ಒಂದು ರಾತ್ರಿ ಯೋಚನೆ ಮಾಡಿದ. ಬೆಳಿಗ್ಗೆ ಪೆಟ್ಟಿಗೆ ತುಂಬಿಸಿಕೊಂಡ. ಅವನು ಹುಟ್ಟಿದ ಮೇಲೆ ಒಂದು ಕಡೆಯ ಮಾತಿಗೆ ಪೂರ್ತಿ ತಲೆಯಾಡಿಸಿದ್ದು ಅದೇ ಮೊದಲು.

ಹೊರಡುವ ದಿನ ಸಾಮಾನು ಗಾಡಿಗೇರಿತು. ಸೆಕ್ರೆಟರಿ ಪೇಪರು ಅಡ್ಡ ಹಿಡಿದು ಕೂತಿದ್ದರು. ಸೊಸೆ ಅವರ ಮುಂದೆ ಬಂದು ನಿಂತಳು. ಏನಾದರೂ ಹೇಳುತ್ತಾಳೆಂದು ಅವರು ಪೇಪರು ಇಳಿಸಿದರು. ಅವಳು ಅವರ ಪಕ್ಕದಲ್ಲಿದ್ದ ತನ್ನ ಟೇಬಲ್ ದೀಪ ಎತ್ತಿಕೊಂಡು ಹೊರಟಳು. ಅಷ್ಟೇ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಸೊಸೆ ದೀಪದ ವೈರು ಸುತ್ತುತ್ತ, ಕಣ್ಣೆತ್ತದೆ, "ಬುಧವಾರ ನನಗೆ ರಜೆ. ಊಟಕ್ಕೆ ಬನ್ನಿ," ಎಂದಳು.

"ನಾವಿಬ್ಬರೂನಾ?"

"ನೀವೊಬ್ಬರೇ." ಆಮೇಲೆ ಕಣ್ಣೆತ್ತಿದಳು. "ನಾನಿನ್ನೂ ಪೂರ್ತಿ ಮರೆತಿಲ್ಲ ಅತ್ತೆ. ಆದರೂ ಬನ್ನಿ."

"ಮರೀಬೇಡ," ಎಂದಳು ಟೆಲಿಫೋನಮ್ಮ. "ಬರ್ತೀನಿ."

ಬುಧವಾರ ಹತ್ತು ಗಂಟೆಗೇ ಆಕೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಹೊರಬಾಗಿಲಿಗೆ ಬಂದಳು. ಒಲೆ ತಣ್ಣಗಿತ್ತು. ಸೆಕ್ರೆಟರಿ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡಿ ಬಂದರು.

"ನನ್ನ ಊಟ?"

"ಮಾಡ್ಕೊಳ್ಳಿ."

"ಅನ್ನ ಮಾಡೋಣ ಅಂದ್ರೆ…" ಅವರು ಕಪಾಟುಗಳ ಕಡೆ ನೋಡಿದರು, ಯಾರದೋ ಮನೆಗೆ ಬಂದವರ ಹಾಗೆ. "ಅಕ್ಕಿ ಎಲ್ಲಿದೆ?"

ಆಕೆ ಚಪ್ಪಲಿ ಮೆಟ್ಟುತ್ತಿದ್ದವಳು ಒಂದು ಗಳಿಗೆ ನಿಂತಳು. ಮಗ ಅಂಬೆಗಾಲಿಡುವಾಗ ಬಂದು ಸೇರಿದ ಮನೆ ಅದು. ಅವತ್ತಿನಿಂದ ಇವತ್ತಿನ ತನಕ ಅಕ್ಕಿಯ ಡಬ್ಬಿ ಇದ್ದದ್ದು ಒಂದೇ ಜಾಗದಲ್ಲಿ.

"ಹುಡುಕಿ," ಎಂದು ಬಾಗಿಲೆಳೆದುಕೊಂಡು ಮೆಟ್ಟಿಲಿಳಿದಳು.